‘ಯೂ’ ಎಂದರೆ ನೀನೋ, ನೀವೋ?

ಇಂಗ್ಲಿಷ್ ವ್ಯಾಕರಣದ ಪುಸ್ತಕಗಳಲ್ಲಿ ಸರ್ವನಾಮದ ಅಧ್ಯಾಯ ಮೊದಮೊದಲೇ ಬರುತ್ತದೆ. ಬೇಗನೆ ಮುಗಿದೂ ಹೋಗುತ್ತದೆ. ಪುರುಷವಾಚಕ, ಸ್ವಾಮ್ಯವಾಚಕ, ಆತ್ಮಾರ್ಥಕ, ನಿರ್ದೇಶಕ, ಸಂಬಂಧವಾಚಕ, ಪ್ರಶ್ನಾರ್ಥಕ, ಅನಿರ್ದಿಷ್ಟ—ಹೀಗೆ ಏಳೆಂಟು ಬಗೆಗಳ ಹೆಸರು, ಒಂದೊಂದಕ್ಕೆ ಎರಡೆರಡು ಉದಾಹರಣೆ, ಕೊನೆಯಲ್ಲಿ ಬಿಟ್ಟ ಸ್ಥಳ ತುಂಬುವ ಅಭ್ಯಾಸ. ನಾಮಪದಕ್ಕೆ ಬದಲಾಗಿ ಬರುವ ಪದವೇ ಸರ್ವನಾಮ ಎಂಬ ಲಕ್ಷಣವನ್ನು ಹುಡುಗರು ಮಗ್ಗಿಯಂತೆ ಒಪ್ಪಿಸಿಬಿಡುತ್ತಾರೆ. ಬದಲಾಗಿ ಬಂದದ್ದಕ್ಕೆ ಸ್ವಂತದ್ದೇನಿದೆ? ರಜೆಯ ಮೇಲೆ ಹೋದ ಗುಮಾಸ್ತನ ಕುರ್ಚಿಯಲ್ಲಿ ಕುಳಿತ ಬದಲಿ ಗುಮಾಸ್ತನ ಹಾಗೆ ಅದು, ಎಂದು ಎಲ್ಲರ ಎಣಿಕೆ.

ಕನ್ನಡ ಹೇಳಿಕೊಡುವವನು ಇಂಗ್ಲಿಷಿನ ಹಿತ್ತಲಿಗೆ ಕಾಲಿಡುವುದೇಕೆ ಎಂದು ಯಾರಾದರೂ ಕೇಳಬಹುದು. ಭಾಷಾಂತರಕ್ಕೆ ಕೈ ಹಾಕಿದ ಯಾವ ಕನ್ನಡಿಗನಿಗೂ ಆ ಹಿತ್ತಲನ್ನು ಹಾಯದೆ ವಿಧಿಯಿಲ್ಲ. ಇಂಗ್ಲಿಷ್ ಕಥೆಯಲ್ಲಿ ವೈದ್ಯ ರೋಗಿಯನ್ನು, ಯಜಮಾನಿ ಅಡುಗೆಯವಳನ್ನು, ಮಗ ತಂದೆಯನ್ನು, ನ್ಯಾಯಾಧೀಶ ಕೈದಿಯನ್ನು ಒಂದೇ ಶಬ್ದದಿಂದ ಮಾತನಾಡಿಸುತ್ತಾರೆ: ‘ಯೂ’. ಮೂಲದ ಲೇಖಕ ಅಲ್ಲಿ ಏನನ್ನೂ ತೀರ್ಮಾನಿಸಿಲ್ಲ. ತೀರ್ಮಾನಿಸುವ ಅಗತ್ಯ ಅವನಿಗೆ ಬೀಳಲಿಲ್ಲ. ಕನ್ನಡಕ್ಕೆ ತರುವವನು ಮಾತ್ರ ಪ್ರತಿ ಸಾಲಿನಲ್ಲೂ ನಿಂತು, ಈತ ಮೇಲೋ ಆತ ಮೇಲೋ, ಇವರಿಗೆ ಎಷ್ಟು ದಿನದ ಪರಿಚಯ, ಆಕೆಗೆ ವಯಸ್ಸೆಷ್ಟು ಎಂದು ಜಾತಕ ನೋಡಬೇಕು. ವೈದ್ಯನ ಬಾಯಲ್ಲಿ ‘ನೀನು’ ಬರೆದರೆ ರೋಗಿ ಬಡವನಾಗಿಬಿಡುತ್ತಾನೆ. ‘ನೀವು’ ಬರೆದರೆ ಅವನ ಜೇಬಿನಲ್ಲಿ ನಾಲ್ಕು ಕಾಸು ಕಾಣಿಸಿಕೊಳ್ಳುತ್ತದೆ. ವ್ಯಾಕರಣದ ಪ್ರಶ್ನೆಯೆಂದುಕೊಂಡದ್ದು ನೋಡುನೋಡುತ್ತ ನ್ಯಾಯದ ಪ್ರಶ್ನೆಯಾಗಿ ಕೂರುತ್ತದೆ.

ಇದನ್ನು ಕಂಡ ನಮ್ಮವರು ಹಲವರು ಒಂದು ಮಾತು ಹೇಳುವುದುಂಟು. ಇಂಗ್ಲಿಷು ಸಮಾನತೆಯ ಭಾಷೆ, ಕನ್ನಡ ತರತಮದ ಭಾಷೆ. ಅವರಲ್ಲಿ ರಾಜನಿಗೂ ಚಪ್ರಾಸಿಗೂ ಒಂದೇ ‘ಯೂ’, ನಮ್ಮಲ್ಲಿ ಬಾಯಿ ತೆರೆದರೆ ಮೆಟ್ಟಿಲು. ಮಾತು ಕೇಳುವುದಕ್ಕೆ ಚೆನ್ನಾಗಿದೆ. ಇತಿಹಾಸ ಅಷ್ಟು ಚೆನ್ನಾಗಿಲ್ಲ.

ಬಹು ಹಿಂದಿನ ಇಂಗ್ಲಿಷಿನಲ್ಲಿ ಎದುರಿಗಿರುವವನು ಒಬ್ಬನಾದರೆ ಒಂದು ಸರ್ವನಾಮ, ಇಬ್ಬರಾದರೆ ಇನ್ನೊಂದು, ಹಲವರಾದರೆ ಮತ್ತೊಂದು ಇತ್ತು. ಸಂಸ್ಕೃತದ ದ್ವಿವಚನದಂಥದು ಅವರಲ್ಲೂ ಇದ್ದು, 13ನೆಯ ಶತಮಾನದ ಹೊತ್ತಿಗೆ ಅಳಿಯಿತು. ಅದೇ ಸುಮಾರಿಗೆ ಫ್ರೆಂಚರ ಪ್ರಭಾವದಿಂದ ಹೊಸ ಪದ್ಧತಿಯೊಂದು ಬಂತು: ಒಬ್ಬನೇ ಆದರೂ ದೊಡ್ಡವನಾದರೆ ಅವನಿಗೆ ಬಹುವಚನ. ಕೆಳಗಿನವನಿಗೂ, ಮಗುವಿಗೂ, ಆಪ್ತನಿಗೂ ‘ದೌ’. ಮೇಲಿನವನಿಗೂ ಹೊರಗಿನವನಿಗೂ ‘ಯೂ’. ಎಂದರೆ ಷೇಕ್ಸ್‌ಪಿಯರನ ಕಾಲದ ಲಂಡನ್ ಆಡುತ್ತಿದ್ದುದು ನಮ್ಮ ‘ನೀನು–ನೀವು’ಗಳಿಗೆ ಬಹಳ ದೂರದ್ದಲ್ಲ. ಅವನ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ಸರ್ ಟೋಬಿಯು, ದ್ವಂದ್ವಯುದ್ಧಕ್ಕೆ ಕರೆಯುವ ಪತ್ರದಲ್ಲಿ ವೈರಿಯನ್ನು ಮೂರು ಸಲವಾದರೂ ‘ದೌ’ ಎನ್ನಬೇಕೆಂದು ತನ್ನ ಮಂಕು ಗೆಳೆಯನಿಗೆ ಉಪದೇಶಿಸುತ್ತಾನೆ. ಬೈಗುಳಕ್ಕೆ ಬೇರೆ ಶಬ್ದ ಹುಡುಕಬೇಕಾಗಿಲ್ಲ, ಏಕವಚನವೇ ಸಾಕು. ನಾಟಕದ ಮಾತು ಹಾಗಿರಲಿ. 1603ರಲ್ಲಿ ಸರ್ ವಾಲ್ಟರ್ ರಾಲೇಯ ಮೇಲೆ ವಿಂಚೆಸ್ಟರಿನಲ್ಲಿ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರದ ಪರವಾಗಿ ವಾದಿಸಿದ ಎಡ್ವರ್ಡ್ ಕೋಕ್, ಅಂಥ ನಾಮಾಂಕಿತ ಗೃಹಸ್ಥನನ್ನು ತುಂಬಿದ ನ್ಯಾಯಸಭೆಯಲ್ಲಿ ‘ದೌ’ ಎಂದ. ಎಂದದ್ದಲ್ಲದೆ, ‘ಹೌದು, ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನೆ’ ಎಂಬ ಅರ್ಥ ಬರುವಂತೆ ಆ ಸರ್ವನಾಮವನ್ನೇ ಕ್ರಿಯಾಪದ ಮಾಡಿ ಎಸೆದ. ಮರಣದಂಡನೆಯ ತೀರ್ಪು ಆಮೇಲೆ ಬಂತು. ಮರ್ಯಾದೆಯನ್ನು ಮೊದಲೇ ಕಿತ್ತುಕೊಂಡಾಗಿತ್ತು.

ಇಂಥ ಸಮಾಜದೊಳಗೆ 17ನೆಯ ಶತಮಾನದ ನಡುವಿನಲ್ಲಿ ಕ್ವೇಕರರು ಹುಟ್ಟಿಕೊಂಡರು. ಅವರ ಹಿರಿಯ ಜಾರ್ಜ್ ಫಾಕ್ಸ್ ಹೇಳಿದ್ದು ಸರಳ: ಒಬ್ಬನೇ ಮನುಷ್ಯನನ್ನು ‘ಹಲವರು’ ಎಂದು ಕರೆಯುವುದು ಸುಳ್ಳು; ಅವನ ಸಿರಿತನಕ್ಕಾಗಿ ಹಾಗೆ ಕರೆಯುವುದು ಮುಖಸ್ತುತಿ; ಎರಡೂ ಪಾಪ. ಆದುದರಿಂದ ಸತ್ಯವಂತನಾದವನು ಬಡವನನ್ನೂ ಬಲ್ಲಿದನನ್ನೂ ‘ದೌ’ ಎಂದೇ ಕರೆಯತಕ್ಕದ್ದು. 1660ರಲ್ಲಿ ಫಾಕ್ಸನೂ ಅವನ ಇಬ್ಬರು ಜೊತೆಗಾರರೂ ಸೇರಿ ಏಕವಚನ ಬಹುವಚನಗಳ ಮೇಲೆಯೇ ಒಂದು ಪುಸ್ತಕ ಅಚ್ಚುಹಾಕಿಸಿ, ಎಷ್ಟೋ ಭಾಷೆಗಳ ಉದಾಹರಣೆ ಕೊಟ್ಟು, ಪಂಡಿತರಿಗೆ ಪಾಠ ಹೇಳಿದರು. ವ್ಯಾಕರಣಕ್ಕಾಗಿ ಪೆಟ್ಟು ತಿಂದ ಜನ ಪ್ರಪಂಚದಲ್ಲಿ ಬಹಳ ಇಲ್ಲ, ಕ್ವೇಕರರು ತಿಂದರು. ಥಾಮಸ್ ಎಲ್‌ವುಡ್ ಎಂಬ ತರುಣ ತಂದೆಯ ಎದುರಿಗೆ ಟೋಪಿ ತೆಗೆಯದೆ ನಿಂತು ಅವನನ್ನೇ ‘ದೌ’ ಎಂದು ಮಾತನಾಡಿಸಿ ಹೊಡೆಸಿಕೊಂಡದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ.

ಆ ತಂದೆಯನ್ನು ದೂರುವುದು ಸುಲಭ. ನನಗೇನೋ ಎಲ್‌ವುಡ್ಡನ ಧೈರ್ಯವನ್ನು ಮೆಚ್ಚುತ್ತಲೇ ಆ ತಂದೆಯ ಮೇಲೂ ಕನಿಕರವಾಗುತ್ತದೆ. ಮಗನ ಬಾಯಲ್ಲಿ ಆ ಶಬ್ದ ಸತ್ಯ. ತಂದೆಯ ಕಿವಿಯಲ್ಲಿ ಅದೇ ಶಬ್ದ ಕಪಾಳಕ್ಕೆ ಹೊಡೆದ ಹಾಗೆ. ಇಬ್ಬರೂ ತಮ್ಮ ಭಾಷೆಯನ್ನು ಸರಿಯಾಗಿಯೇ ಬಲ್ಲವರು. ಶಬ್ದದ ಅರ್ಥ ಆಡುವವನ ಮನಸ್ಸಿನಲ್ಲಿದೆಯೋ, ಕೇಳುವವನ ಮನಸ್ಸಿನಲ್ಲಿದೆಯೋ? ಶಬ್ದ ಇಬ್ಬರ ಆಸ್ತಿ. ಒಬ್ಬನೇ ಎದ್ದು ನಿಂತು ಇಂದಿನಿಂದ ಇದರ ಅರ್ಥ ಹೀಗೆ ಎಂದು ಸಾರಿದರೆ, ಅವನ ಉದ್ದೇಶ ಎಷ್ಟು ಶುದ್ಧವಾಗಿದ್ದರೂ, ಇನ್ನೊಬ್ಬನಿಗೆ ನೋವಾಗದೆ ಇರದು. ನೋವಾಗುತ್ತದೆಂದು ಸುಮ್ಮನಿದ್ದರೆ ಯಾವ ಅನ್ಯಾಯದ ಮಾತೂ ಎಂದಿಗೂ ಬದಲಾಗುವುದಿಲ್ಲ ಎನ್ನುವುದೂ ಅಷ್ಟೇ ನಿಜ.

ಕೊನೆಗೆ ಆದದ್ದೇನು? ಕ್ವೇಕರರು ಎಲ್ಲರನ್ನೂ ‘ದೌ’ಗೆ ಇಳಿಸಹೊರಟರು, ಉಳಿದ ಸಮಾಜ ಎಲ್ಲರನ್ನೂ ‘ಯೂ’ಗೆ ಏರಿಸಿತು. ಪೇಟೆಯ ಪಟ್ಟಣದ ಜನ, ಎದುರಿಗಿರುವವನ ಅಂತಸ್ತು ಗೊತ್ತಾಗದಾಗ, ಏತಕ್ಕೂ ಇರಲಿ ಎಂದು ಬಹುವಚನವನ್ನೇ ಬಳಸಿದರು. ಒಳ್ಳೆಯ ನಾಣ್ಯ ಎಲ್ಲರ ಕೈಗೂ ಬಂದ ಮೇಲೆ ಅದರ ಬೆಲೆ ಇಳಿಯುವಂತೆ ‘ಯೂ’ದ ಗೌರವವೂ ಇಳಿಯಿತು, 18ನೆಯ ಶತಮಾನದ ಹೊತ್ತಿಗೆ ಶಿಷ್ಟರ ಮಾತಿನಲ್ಲಿ ‘ದೌ’ ಇಲ್ಲವೆನ್ನುವಷ್ಟಾಯಿತು. ಹೀಗೆ ಬಂದ ಸಮಾನತೆ ಅಂತಃಕರಣದಿಂದ ಬಂದದ್ದೆನ್ನುವುದಕ್ಕಿಂತ ಜಾಗರೂಕತೆಯಿಂದ ಬಂದದ್ದೆನ್ನಬೇಕು. ಮೆಟ್ಟಿಲುಗಳಂತೂ ಎಲ್ಲಿಗೂ ಹೋಗಲಿಲ್ಲ. ‘ಸರ್’, ‘ಮೇಡಂ’, ‘ಮಿಸ್ಟರ್’ಗಳ ಬೆನ್ನಿಗೆ ಸರಿದವು. (ಸ್ವೀಡನ್ನಿನವರು ಇದಕ್ಕೆ ವಿರುದ್ಧ ದಾರಿ ಹಿಡಿದರು. 1967ರಲ್ಲಿ ಅಲ್ಲಿನ ವೈದ್ಯಕೀಯ ಇಲಾಖೆಯ ಹೊಸ ಮುಖ್ಯಸ್ಥ ಬ್ರೂರ್ ರೆಕ್ಸೆಡ್, ತಾನು ನೌಕರರೆಲ್ಲರನ್ನೂ ಏಕವಚನದಲ್ಲಿ ಕರೆಯುವೆನೆಂದು ಸಾರಿದ. ಕೆಲವೇ ವರ್ಷಗಳಲ್ಲಿ ದೇಶವೆಲ್ಲ ಏಕವಚನಕ್ಕೆ ಇಳಿಯಿತು. ನಮ್ಮಲ್ಲಿ ಯಾವ ಇಲಾಖೆಯ ಮುಖ್ಯಸ್ಥರಾದರೂ ಹೀಗೆ ಮಾಡಿದರೆ ಏನಾದೀತೆಂದು ಓದುಗರೇ ಊಹಿಸಿಕೊಳ್ಳಲಿ.)

ಅಳಿದ ‘ದೌ’ ಪ್ರಾರ್ಥನೆಯ ಪುಸ್ತಕದಲ್ಲಿ ಉಳಿಯಿತು. ಒಂದು ಕಾಲಕ್ಕೆ ಮಗುವಿಗೂ ಆಳಿಗೂ ಸಲ್ಲುತ್ತಿದ್ದ ಮಾತು ದೇವರೊಬ್ಬನಿಗೇ ಮೀಸಲಾಗಿ, ಈಗಿನ ಇಂಗ್ಲಿಷ್ ಕಿವಿಗೆ ಬಹಳ ಗಂಭೀರವಾಗಿ, ದೂರವಾಗಿ ಕೇಳುತ್ತದೆ. ಹತ್ತಿರದ ಶಬ್ದವೇ ಎಲ್ಲಕ್ಕಿಂತ ದೂರದ ಶಬ್ದವಾಯಿತು. ಮಾರ್ಟಿನ್ ಬೂಬರ್ 1923ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ‘ಇಖ್ ಉಂಡ್ ದು’ ಎಂಬ ಸಣ್ಣ ಪುಸ್ತಕಕ್ಕೆ ಇದರಿಂದ ಒದಗಿದ ಕಷ್ಟ ಸಾಮಾನ್ಯವಲ್ಲ. ಮನುಷ್ಯ ಇನ್ನೊಂದು ಜೀವವನ್ನು ‘ಅದು’ ಎಂದು ಎಣಿಸಿ ಬಳಸಿಕೊಳ್ಳಬಹುದು, ಇಲ್ಲವೆ ‘ನೀನು’ ಎಂದು ಎದುರುಗೊಳ್ಳಬಹುದು; ಎರಡರಲ್ಲಿ ‘ನಾನು’ ಎಂಬುದೂ ಬೇರೆ ಬೇರೆಯಾಗಿರುತ್ತದೆ—ಇದು ಆ ಪುಸ್ತಕದ ಹುರುಳು. ಜರ್ಮನರ ‘ದು’ ತಾಯಿಗೆ, ಗೆಳೆಯನಿಗೆ, ನಾಯಿಮರಿಗೆ, ದೇವರಿಗೆ ಎಲ್ಲಕ್ಕೂ ಸಲ್ಲುವ ಮನೆಮಾತು. 1937ರ ಇಂಗ್ಲಿಷ್ ಅನುವಾದದಲ್ಲಿ ಅದು ‘ದೌ’ ಆಗಿ ಚರ್ಚಿನ ಧ್ವನಿ ಹಿಡಿಯಿತು. 1970ರಲ್ಲಿ ವಾಲ್ಟರ್ ಕೌಫ್‌ಮನ್ ಹೊಸದಾಗಿ ಅನುವಾದಿಸುವಾಗ ಇದಕ್ಕೆ ಆಕ್ಷೇಪಿಸಿ ಒಳಗೆಲ್ಲ ‘ಯೂ’ ಎಂದು ತಿದ್ದಿದ. ಹೆಸರನ್ನು ಮಾತ್ರ, ಜನಕ್ಕೆ ರೂಢಿಯಾಗಿದ್ದರಿಂದ, ಮೊದಲಿನಂತೆಯೇ ಬಿಟ್ಟ. ‘ದೌ’ ಎಂದರೆ ಮನೆಯ ಬೆಚ್ಚನೆ ಹೋಗುತ್ತದೆ, ‘ಯೂ’ ಎಂದರೆ ಅದು ಅಂಗಡಿಯವನಿಗೂ ಅನ್ನುವ ಮಾತು. ನಮಗೆ ಈ ತೊಡಕೇ ಇಲ್ಲ: ‘ನಾನು–ನೀನು’ ಎಂದರೆ ಮುಗಿಯಿತು. ವಚನಕಾರರೂ ದಾಸರೂ ದೇವರನ್ನು ಏಕವಚನದಲ್ಲಿ ಕರೆದು, ಜಗಳವಾಡಿ, ಮುನಿಸಿಕೊಂಡು, ಆ ಶಬ್ದವನ್ನು ನಮಗಾಗಿ ಬೆಚ್ಚಗೆ ಇಟ್ಟುಹೋಗಿದ್ದಾರೆ. ತರತಮದ ಭಾಷೆಯೆಂದು ಹಳಿಯುವವರು ಈ ಲಾಭವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉತ್ತಮ ಪುರುಷದ ಬಗೆಗೂ ಎರಡು ಮಾತು. ಇಂಗ್ಲಿಷರು ‘ನಾನು’ ಎಂಬುದನ್ನು ಮೊದಲನೆಯ ಪುರುಷವೆಂದು ಎಣಿಸಿ, ಅದನ್ನು ಎಲ್ಲಿ ಬಂದರೂ ದೊಡ್ಡಕ್ಷರದಲ್ಲಿ ಬರೆಯುವುದರಿಂದ ಅವರು ಅಹಂಕಾರಿಗಳೆಂದು ತಮಾಷೆ ಮಾಡುವುದುಂಟು. ಅದು ಬರೆಹಗಾರರ ಅನುಕೂಲದಿಂದ ಬಂದದ್ದು. ಒಂಟಿ ಸಣ್ಣಕ್ಷರ ಹಸ್ತಪ್ರತಿಯಲ್ಲಿ ಕಳೆದುಹೋಗುತ್ತಿತ್ತು, ಅಷ್ಟೆ. ನಮ್ಮ ಶಾಸ್ತ್ರದಲ್ಲಿ ಪ್ರಥಮ ಪುರುಷನೆಂದರೆ ‘ಅವನು’, ‘ನಾನು’ ಕಟ್ಟಕಡೆಯವನು. ‘ಉತ್ತಮ’ ಎಂದರೆ ಅಲ್ಲಿ ಶ್ರೇಷ್ಠನೆಂದಲ್ಲ, ಸಾಲಿನಲ್ಲಿ ಕೊನೆಯವನೆಂದು. ಹಾಗೆಂದು ನಾವು ಇಂಗ್ಲಿಷರಿಗಿಂತ ವಿನಯವಂತರೆಂದು ವಾದಿಸಲು ನನಗೆ ಧೈರ್ಯ ಸಾಲದು.

ನಿಜವಾದ ಅಪಾಯ ಏಕವಚನದ ‘ನಾನು’ವಿನಲ್ಲಿಲ್ಲ, ಬಹುವಚನದ ‘ನಾವು’ನಲ್ಲಿದೆ. ಇಂಗ್ಲಿಷಿನ ‘ವೀ’, ನಮ್ಮ ‘ನಾವು’, ಎರಡರಲ್ಲೂ ಒಂದು ಮಬ್ಬಿದೆ: ಕೇಳುತ್ತಿರುವವನು ಅದರೊಳಗೆ ಸೇರಿದ್ದಾನೆಯೇ, ಇಲ್ಲವೇ? ತುಳುವರು ಈ ವಿಷಯದಲ್ಲಿ ನಮಗಿಂತ ಖಚಿತರು. ಕೇಳುವವನೂ ಸೇರಿದರೆ ‘ನಮ’, ಅವನನ್ನು ಬಿಟ್ಟರೆ ‘ಎಂಕುಳು’. ತೆಲುಗರಲ್ಲಿ ‘ಮನಮು’–‘ಮೇಮು’ ಇವೆ; ತಮಿಳಿನಲ್ಲೂ ಇಂಥ ಜೋಡಿ ಇದೆ. ‘ನಾವು ಊಟಕ್ಕೆ ಹೊರಟೆವು’ ಎಂದಾಗ ಎದುರಿಗಿದ್ದವನು ಏಳಬೇಕೋ ಕೂತಿರಬೇಕೋ ಎಂಬ ಪೇಚು ಅವರಿಗೆ ಬರುವುದಿಲ್ಲ. ಊಟದ ಮಟ್ಟಿಗೆ ಇದು ನಗೆಯ ವಿಷಯ. ಅಮೆರಿಕದ ಸಂವಿಧಾನ 1787ರಲ್ಲಿ ‘ನಾವು, ಜನರು’ ಎಂದು ಆರಂಭವಾದಾಗ ಆ ‘ನಾವು’ ಯಾರು? ತುಳುವಿನವನೊಬ್ಬ ಅದನ್ನು ಬರೆದಿದ್ದರೆ, ಗುಲಾಮರನ್ನು ಒಳಗೆ ಕರೆಯಬೇಕೋ ಹೊರಗೆ ನಿಲ್ಲಿಸಬೇಕೋ ಎಂಬುದನ್ನು ಮೊದಲ ಶಬ್ದದಲ್ಲಿಯೇ ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ಇಂಗ್ಲಿಷು ಅವರನ್ನು ಆ ಮುಜುಗರದಿಂದ ಪಾರುಮಾಡಿತು.

1852ರ ಜುಲೈ 5ರಂದು ರಾಚೆಸ್ಟರ್ ನಗರದಲ್ಲಿ ಫ್ರೆಡರಿಕ್ ಡಗ್ಲಸ್ ಭಾಷಣ ಮಾಡಿದ. ಗುಲಾಮನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಬಂದವನು ಅವನು. ಸ್ವಾತಂತ್ರ್ಯದಿನದ ಸಂದರ್ಭದಲ್ಲಿ ಮಾತನಾಡಲು ಬಿಳಿಯರಾದ ದಾಸ್ಯವಿರೋಧಿ ಮಹಿಳೆಯರೇ ಅವನನ್ನು ಕರೆದಿದ್ದರು. ಸಹನಾಗರಿಕರೇ ಎಂದು ಸಂಬೋಧಿಸಿ, ಅಲ್ಲಿಂದ ಮುಂದೆ ಅವನು ಸರ್ವನಾಮವನ್ನು ಬದಲಿಸಿಬಿಟ್ಟ: ನಿಮ್ಮ ಸ್ವಾತಂತ್ರ್ಯ, ನಿಮ್ಮ ಹಿರಿಯರು, ನಿಮ್ಮ ಹಬ್ಬ. ‘ನಮ್ಮ’ ಎಂದು ಕೇಳಲು ಬಂದು ಕುಳಿತಿದ್ದವರ ಎದುರಿಗೆ ಆ ಒಂದು ಶಬ್ದವನ್ನು ಕೊಡದೆ ತಡೆಹಿಡಿದ. ಆ ಭಾಷಣವನ್ನು ತರ್ಕಕ್ಕಾಗಿಯೋ ಆವೇಶಕ್ಕಾಗಿಯೋ ಓದುವವರಿದ್ದಾರೆ. ನಾನಂತೂ ಅದನ್ನು ಸ್ವಾಮ್ಯವಾಚಕ ಸರ್ವನಾಮದ ಅತ್ಯುತ್ತಮ ಪಾಠವೆಂದು ಓದಿದ್ದೇನೆ.

ಅದೇ ರಾಚೆಸ್ಟರಿನಲ್ಲಿ ಇಪ್ಪತ್ತು ವರ್ಷದ ಮೇಲೆ, 1872ರಲ್ಲಿ, ಸೂಸನ್ ಆಂಟನಿ ಎಂಬ ಮಹಿಳೆ ಹೋಗಿ ಮತ ಹಾಕಿದಳು. ಕ್ವೇಕರ್ ಮನೆತನದಲ್ಲಿ ಬೆಳೆದವಳು. ಸರ್ವನಾಮದ ಹಠ ರಕ್ತದಲ್ಲೇ ಇತ್ತೆನ್ನಬೇಕು. ಕಾನೂನಿನಲ್ಲಿ ‘ಹೀ’ ಎಂದಿದೆ, ‘ಶೀ’ ಎಂದಿಲ್ಲ, ಆದ್ದರಿಂದ ಹೆಂಗಸರಿಗೆ ಮತವಿಲ್ಲ ಎಂಬುದು ವಿರೋಧಿಗಳ ಒಂದು ವಾದವಾಗಿತ್ತು. ಒಳ್ಳೆಯದು, ಆಕೆಯ ಉತ್ತರ ಹೀಗೆ ಸಾಗುತ್ತದೆ: ತೆರಿಗೆಯ ಕಾನೂನಿನಲ್ಲೂ, ಗಲ್ಲಿನ ಕಾನೂನಿನಲ್ಲೂ ಇರುವುದು ‘ಹೀ’ಯೇ, ಅವುಗಳಿಂದಲೂ ನಮ್ಮನ್ನು ಬಿಟ್ಟುಬಿಡಿ. 1873ರಲ್ಲಿ ಆಕೆಗೆ 100 ಡಾಲರ್ ದಂಡ ವಿಧಿಸಿದರು. ಆಕೆ ಕೊಡಲಿಲ್ಲ.

ಇಂಗ್ಲೆಂಡಿನ ಪಾರ್ಲಿಮೆಂಟು ಈ ಗೊಂದಲವನ್ನು 1850ರಲ್ಲಿಯೇ ಕಾನೂನಿನಿಂದ ಬಗೆಹರಿಸಿದಂತೆ ಕಂಡಿತ್ತು. ಬೇರೆ ರೀತಿ ಸ್ಪಷ್ಟವಾಗಿ ಹೇಳಿದ ಹೊರತು, ಪುಲ್ಲಿಂಗದ ಶಬ್ದಗಳಲ್ಲಿ ಸ್ತ್ರೀಯರೂ ಸೇರಿರುತ್ತಾರೆ ಎಂದು ಅಲ್ಲಿ ಬರೆಯಿತು. ಇದನ್ನು ನಂಬಿ ಮ್ಯಾಂಚೆಸ್ಟರಿನ 5,000ಕ್ಕೂ ಹೆಚ್ಚು ಮಂದಿ ಹೆಂಗಸರು ಮತದಾರರ ಪಟ್ಟಿಯಲ್ಲಿ ಹೆಸರು ಬೇಕೆಂದು ಕೇಳಿದರು. 1868ರಲ್ಲಿ ನ್ಯಾಯಾಲಯ ಆಗದೆಂದಿತು. ನಮ್ಮ ದೇಶದ ಕಥೆಯೂ ಇದೇ. 1860ರ ಭಾರತೀಯ ದಂಡಸಂಹಿತೆಯ 8ನೆಯ ಕಲಮು, ‘ಹೀ’ ಎಂಬ ಸರ್ವನಾಮ ಗಂಡಸಿಗೂ ಹೆಂಗಸಿಗೂ ಅನ್ವಯಿಸುತ್ತದೆ ಎಂದು ಸಾರಿತ್ತು. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 13ನೆಯ ಕಲಮಿನಲ್ಲೂ ಪುಲ್ಲಿಂಗದೊಳಗೆ ಸ್ತ್ರೀಲಿಂಗ ಅಡಕ. ಇಷ್ಟಿದ್ದೂ, ರೆಜಿನಾ ಗುಹಾ ಎಂಬ ಕಾನೂನು ಪದವೀಧರೆ ವಕೀಲಿಗಾಗಿ ಅರ್ಜಿ ಹಾಕಿದಾಗ ಕಲ್ಕತ್ತದ ಹೈಕೋರ್ಟು 1916ರಲ್ಲಿ ಒಪ್ಪಲಿಲ್ಲ. 1921ರಲ್ಲಿ ಸುಧಾಂಶುಬಾಲಾ ಹಜ್ರಾ ಅವರಿಗೆ ಪಾಟ್ನಾದಲ್ಲೂ ಅದೇ ಉತ್ತರ. 1923ರಲ್ಲಿ ಬೇರೆ ಕಾನೂನೇ ಆಗಬೇಕಾಯಿತು. ಕಳ್ಳತನ ಮಾಡಿದರೆ ಆಕೆ ‘ಹೀ’ಯೊಳಗೆ ಇದ್ದಾಳೆ, ಕಳ್ಳನ ಪರವಾಗಿ ವಾದಿಸುತ್ತೇನೆಂದರೆ ಇಲ್ಲ! 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ‘ಹೀ’ಯೊಳಕ್ಕೆ ಲಿಂಗಾಂತರಿಗಳನ್ನೂ ಹೆಸರಿಟ್ಟು ಸೇರಿಸಲಾಗಿದೆ. ಮನೆ ಅದೇ, ಒಳಗಿನ ಜನ ಹೆಚ್ಚಾದರು. ಬಾಗಿಲಿನ ಮೇಲಿನ ಹೆಸರು ಮಾತ್ರ ಇನ್ನೂ ಒಬ್ಬನದೇ.

ಇದರಿಂದ ಬೇಸತ್ತ ಇಂಗ್ಲಿಷರು ಈಚೆಗೆ ‘ದೇ’ ಎಂಬ ಬಹುವಚನವನ್ನೇ ಒಬ್ಬ ವ್ಯಕ್ತಿಗೂ ಬಳಸುವುದಕ್ಕೆ ಬಹಿರಂಗವಾಗಿ ಒಪ್ಪಿಗೆ ಕೊಟ್ಟಿದ್ದಾರೆ. 14ನೆಯ ಶತಮಾನದಿಂದ ಜನರ ಬಾಯಲ್ಲಿ ಇದ್ದ ಬಳಕೆಯೇ ಅದು; ನಡುವೆ ವ್ಯಾಕರಣ ಪಂಡಿತರು ತಪ್ಪೆಂದು ಗೆರೆ ಎಳೆದಿದ್ದರು. ಗಂಡೋ ಹೆಣ್ಣೋ ತಿಳಿಯದವರಿಗೆ, ಹಾಗೆ ಗುರುತಿಸಿಕೊಳ್ಳಲು ಒಲ್ಲದವರಿಗೆ ಈಗ ಅದು ಸಲ್ಲುತ್ತದೆ. 2019ರಲ್ಲಿ ಮೆರಿಯಂ-ವೆಬ್‌ಸ್ಟರ್ ನಿಘಂಟಿನವರು ಅದನ್ನೇ ವರ್ಷದ ಶಬ್ದವೆಂದು ಆರಿಸಿದರು.

ಕನ್ನಡಿಗರು ಇಲ್ಲಿ ಮೀಸೆ ತಿರುವಬಹುದು. ‘ಡಾಕ್ಟರು ಬಂದಿದ್ದಾರೆ, ಅವರನ್ನು ಒಳಗೆ ಕರೆಯಿರಿ’ ಎಂದರೆ ಬಂದವರು ಗಂಡಸೋ ಹೆಂಗಸೋ ಯಾರಿಗೂ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಇಂಗ್ಲಿಷು ಜಗಳವಾಡಿ ಗಳಿಸಿದ್ದು ನಮ್ಮ ‘ಅವರು’ನಲ್ಲಿ ತಾನಾಗಿಯೇ ಇದೆ. ಆದರೆ ಯಾರಿಗೆ ಇದೆ? ಡಾಕ್ಟರಿಗೆ, ಮೇಷ್ಟರಿಗೆ, ತಹಸೀಲ್ದಾರರಿಗೆ. ತರಕಾರಿಯವಳು ‘ಅವಳು’, ಗಾರೆಯವನು ‘ಅವನು’. ಗೌರವಕ್ಕೆ ಪಾತ್ರರಾದವರಿಗೆ ಮಾತ್ರ ಲಿಂಗದಿಂದ ಬಿಡುಗಡೆ! ಮಗುವನ್ನು ‘ಅದು’ ಎಂದರೆ ಮುದ್ದು. ದುಡಿದು ಬಂದ ಮನುಷ್ಯನನ್ನು ಕುರಿತು ‘ಅದಕ್ಕೇನು ಗೊತ್ತು’ ಎಂದರೆ ಮುದ್ದಲ್ಲ. ಇಂಗ್ಲಿಷಿನಲ್ಲೂ ‘ಸಂಬಡಿ’ ಎಂದರೆ ಯಾರೋ ಒಬ್ಬ, ಗಣ್ಯ ಎಂದೂ ಅರ್ಥ. ‘ನೋಬಡಿ’ ಎಂದರೆ ಯಾರೂ ಇಲ್ಲ, ಇದ್ದೂ ಇಲ್ಲದವನು ಎಂದೂ ಅರ್ಥ. ಅನಿರ್ದಿಷ್ಟವೆಂದು ವ್ಯಾಕರಣ ಹೆಸರಿಟ್ಟ ಸರ್ವನಾಮಗಳು ಕೂಡ ಮನುಷ್ಯರನ್ನು ತೂಗುವಾಗ ಬಹಳ ನಿರ್ದಿಷ್ಟವಾಗಿಬಿಡುತ್ತವೆ.

ನನ್ನ ಸ್ನೇಹಿತರೊಬ್ಬರಿದ್ದಾರೆ, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಓದಿಕೊಂಡವರು. ಅವರ ಮನೆಯಲ್ಲಿ ಹದಿನೈದು ವರ್ಷದಿಂದ ಕಸ ಮುಸುರೆ ಮಾಡಿಕೊಂಡು ಬಂದ ಹೆಂಗಸಿಗೆ ಐವತ್ತರ ಮೇಲೆ ವಯಸ್ಸು. ಎಂಟು ವರ್ಷದ ಮೊಮ್ಮಗನೂ ಆಕೆಯನ್ನು ‘ಬಂದ್ಯಾ’ ಎನ್ನುವುದನ್ನು ಕೇಳಿ ಸ್ನೇಹಿತರಿಗೆ ಒಂದು ದಿನ ನಾಚಿಕೆಯಾಯಿತು. ಮಾರನೆಯ ಬೆಳಿಗ್ಗೆ ತಾವೇ ಬಾಗಿಲು ತೆರೆದು, ‘ಬಂದ್ರಾ? ಕಾಫಿ ತಗೊಳ್ಳಿ’ ಎಂದರು. ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿ, ‘ಯಾಕ್ ಸಾರ್, ನನ್ ಮೇಲೆ ಏನಾದ್ರೂ ಬೇಜಾರಾ? ಕೆಲಸ ಬಿಡಿಸ್ತೀರಾ?’ ಎಂದು ಕೇಳಿದಳಂತೆ.

ಆಕೆ ಭಾಷೆಯನ್ನು ಸರಿಯಾಗಿಯೇ ಓದಿದ್ದಳು. ನಮ್ಮಲ್ಲಿ ದಿನವೂ ‘ನೀನು’ ಎನ್ನುವವರು ತಟ್ಟನೆ ‘ನೀವು’ ಎಂದರೆ ಅದು ಮುನಿಸಿನ ಗುರುತು. ಗಂಡಹೆಂಡಿರ ಜಗಳದಲ್ಲಿ ‘ತಾವು ದೊಡ್ಡವರು’ ಎಂಬ ಮಾತು ಬಂದರೆ ರಾತ್ರಿ ಅಡುಗೆಯಿಲ್ಲವೆಂದೇ ತಿಳಿಯಬೇಕು. ಎಲ್‌ವುಡ್ಡನ ತಂದೆಗೆ ಏಕವಚನ ಪೆಟ್ಟಾಯಿತು. ಈಕೆಗೆ ಬಹುವಚನ ನೋಟೀಸಾಯಿತು. ಸ್ನೇಹಿತರು ಸಮಾಧಾನ ಹೇಳಿ ತಮ್ಮ ವ್ರತವನ್ನು ಮುಂದುವರಿಸಿದರು. ಮೂರನೆಯ ದಿನ ಒಳಗಿನಿಂದ ಅವರ ಹೆಂಡತಿ, ‘ಅವಳಿಗೆ ನೀವು ಅಂತೀರಿ, ನನಗೆ ಮೂವತ್ತೈದು ವರ್ಷದಿಂದ ನೀನು ಅಂತೀರಿ; ಇದು ಯಾವ ನ್ಯಾಯ?’ ಎಂದು ಕೇಳಿದರು.

ಕನ್ನಡದಲ್ಲಿ ಇಂಥ ಇಕ್ಕಟ್ಟಿಗೆ ಹಳೆಯ ಉಪಾಯವೊಂದಿದೆ: ಸರ್ವನಾಮವನ್ನೇ ಬಿಟ್ಟು ನಂಟಿನ ಶಬ್ದ ಹಿಡಿಯುವುದು. ಅಣ್ಣ, ಅಕ್ಕ, ಅಮ್ಮ ಎಂದರೆ ನೀನು-ನೀವುಗಳ ಗೋಜಿಲ್ಲದೆ ಮಾತು ಸಾಗೀತು ಎಂದು ಅವರೂ ‘ಅಮ್ಮ’ಕ್ಕೆ ಬಂದರು. ನಮ್ಮ ಕ್ರಿಯಾಪದ ಅಲ್ಲಿಯೂ ಬಿಡಲಿಲ್ಲ. ‘ಬಾ ಅಮ್ಮ’ ಎನ್ನುವುದೋ, ‘ಬನ್ನಿ ಅಮ್ಮ’ ಎನ್ನುವುದೋ? ‘ಕೊಡು’ ಎನ್ನುವುದೋ, ‘ಕೊಡಿ’ ಎನ್ನುವುದೋ? ಸರ್ವನಾಮವನ್ನು ನುಂಗಿಕೊಂಡರೂ ಕ್ರಿಯಾಪದದ ಕೊನೆಯ ಸ್ವರ ಬಂದು ಸಾಕ್ಷಿ ಹೇಳುತ್ತದೆ. ಇಂಗ್ಲಿಷಿನವರಿಗೆ ಈ ಕಾಟವಿಲ್ಲ. ಮೊಮ್ಮಗ ಈಗ ‘ಅಜ್ಜೀ, ಬನ್ನಿ’ ಎಂದು ರೂಢಿ ಮಾಡಿಕೊಂಡಿದ್ದಾನಂತೆ, ಆಕೆಯೂ ನಗುತ್ತ ಬರುತ್ತಾಳಂತೆ. ಸ್ನೇಹಿತರು ಮಾತ್ರ ಒಂದು ದಿನ ‘ಬನ್ನಿ’, ಒಂದು ದಿನ ‘ಬಾಮ್ಮ’. ಹೆಂಡತಿಯ ಪ್ರಶ್ನೆಗೆ ಏನು ಉತ್ತರ ಕೊಟ್ಟಿರಿ ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ ಬೇರೆ ಮಾತು ತೆಗೆದರು.